ಗ್ರಾಫಿಕ್ ಆರ್ಟ್ಸ್ ಮೊದಲ ವರ್ಷ: ನಿಮ್ಮ ವಿಭಾಗ ಯಾವುದು ಅಂತ ತಪ್ಪುಗಳನ್ನು ನೋಡಿ ಆರಿಸಿ

ಮೊದಲ ವರ್ಷ ಮುಗಿಯುವ ಹೊತ್ತಿಗೆ ಒಂದು ಫಾರಂ ಕೈಗೆ ಬರುತ್ತದೆ. ಅದರಲ್ಲಿ ಏಳೆಂಟು ಚೌಕ, ಒಂದಕ್ಕೆ ಟಿಕ್ ಹಾಕಬೇಕು. ಇಲಸ್ಟ್ರೇಷನ್ (ಬರಹಕ್ಕೆ ಚಿತ್ರ), ಪ್ರಿಂಟ್‌ಮೇಕಿಂಗ್ (ಕೆತ್ತಿ, ಇಂಕ್ ಹಚ್ಚಿ ಕೈಯಲ್ಲೇ ಅಚ್ಚು ಒತ್ತುವುದು), ಟೈಪೋಗ್ರಫಿ (ಅಕ್ಷರ ಜೋಡಣೆ), ಬ್ರ್ಯಾಂಡಿಂಗ್, ಮೋಷನ್ (ಚಲಿಸುವ ಚಿತ್ರ), ಯುಐ (ಆ್ಯಪ್, ವೆಬ್‌ಸೈಟಿನ ಪರದೆಗಳ ವಿನ್ಯಾಸ), ಹೀಗೆ. ಕಾಲೇಜಿನಿಂದ ಕಾಲೇಜಿಗೆ ಹೆಸರು ಆಚೀಚೆ ಆಗಬಹುದು, ಗಾಬರಿ ಮಾತ್ರ ಎಲ್ಲ ಕಡೆ ಒಂದೇ. ನಾನು ಆ ಫಾರಂ ಅನ್ನು ಸ್ಕೆಚ್‌ಬುಕ್ಕಿನ ಒಳಗೆ ಮಡಚಿಟ್ಟುಕೊಂಡು ಎರಡು ವಾರ ಓಡಾಡಿದೆ. ಕೊನೆಯ ದಿನ ಇಲಸ್ಟ್ರೇಷನ್‌ಗೆ ಟಿಕ್ ಹಾಕಿದೆ. ಯಾಕೆ ಅಂದರೆ, ಚಿಕ್ಕವಯಸ್ಸಿನಿಂದ ಚಿತ್ರ ಚೆನ್ನಾಗಿ ಬಿಡಿಸುತ್ತಿದ್ದೆ, ಎಲ್ಲರೂ ಹಾಗೇ ಹೇಳುತ್ತಿದ್ದರು. ಅಷ್ಟೇ ಕಾರಣ. ಆಮೇಲೆ ಒಂದು ಸೆಮಿಸ್ಟರ್ ಒದ್ದಾಡಿ, ಮತ್ತೊಂದು ಅರ್ಜಿ ಬರೆದು, ಅಕ್ಷರ ಮತ್ತು ಪುಸ್ತಕ ವಿನ್ಯಾಸದ ಕಡೆ ಬಂದೆ. ಈಗಲೂ ಅದೇ ಕೆಲಸ. ಹಾಗಾಗಿ ಕೆಳಗೆ ಬರೆದಿರುವುದರಲ್ಲಿ ಅಕ್ಷರದ ಕಡೆ ಸ್ವಲ್ಪ ಪಕ್ಷಪಾತ ಇದ್ದೇ ಇರುತ್ತದೆ. ಅದನ್ನು ಕಳೆದು ಓದಿಕೊಳ್ಳಿ.

ಆಗ ಎಡವಿದ್ದು ಎಲ್ಲಿ ಅಂತ ಈಗ ಗೊತ್ತಾಗುತ್ತದೆ. ಮುಗಿದ ಕೆಲಸ ನೋಡಿ ಆರಿಸಿದ್ದೆ. ದೂರದ ಬೆಟ್ಟ ನುಣ್ಣಗೆ ಅನ್ನುತ್ತಾರಲ್ಲ, ಹಾಗೆ. ಗೋಡೆಗೆ ಹಚ್ಚಿದ ಪೋಸ್ಟರ್, ಕೈಯಲ್ಲಿ ಹಿಡಿದ ಪುಸ್ತಕ, ಪರದೆ ಮೇಲೆ ಕುಣಿಯುವ ಅಕ್ಷರ, ಇವೆಲ್ಲ ಎಲ್ಲರಿಗೂ ಇಷ್ಟವಾಗುತ್ತವೆ. ಅದರಿಂದ ನಿಮ್ಮ ಬಗ್ಗೆ ಏನೂ ತಿಳಿಯುವುದಿಲ್ಲ. ತಿಳಿಯಬೇಕಾದರೆ ತಪ್ಪುಗಳನ್ನು ನೋಡಬೇಕು. ಒಂದೊಂದು ವಿಭಾಗಕ್ಕೂ ಅದರದ್ದೇ ಜಾತಿಯ ತಪ್ಪು ಇದೆ. ಕೆಲವು ಆದ ಮೇಲೆ ಆದವೇ, ತಿದ್ದಲು ಬರುವುದಿಲ್ಲ. ಕೆಲವನ್ನು ನಾಳೆ ಬೆಳಗ್ಗೆ ಸರಿ ಮಾಡಬಹುದು, ಆದರೆ ನಾಡಿದ್ದು ಇನ್ನೊಂದು ಎದ್ದು ಬರುತ್ತದೆ. ಇನ್ನು ಕೆಲವು ನಿಮ್ಮನ್ನು ಬಿಟ್ಟು ಯಾರ ಕಣ್ಣಿಗೂ ಬೀಳುವುದಿಲ್ಲ, ಆದರೂ ನಿಮಗೆ ನಿದ್ದೆ ಬರುವುದಿಲ್ಲ. ಯಾವ ತಪ್ಪನ್ನು ಹತ್ತನೇ ಸಲ ತಿದ್ದುವಾಗಲೂ ನಿಮಗೆ ಬೇಜಾರು ಬರುವುದಿಲ್ಲವೋ ಆ ಕಡೆ ನೋಡಿ. ಈ ಒಂದು ಅಳತೆಗೋಲು ಹಿಡಿದೇ ಎಲ್ಲವನ್ನೂ ಪಕ್ಕಪಕ್ಕ ಇಡುತ್ತೇನೆ.

ಅದಕ್ಕೂ ಮುಂಚೆ ಇನ್ನೊಂದು ಮಾತು. ಮೊದಲ ವರ್ಷ ಎಲ್ಲವನ್ನೂ ಮುಟ್ಟಿಸುತ್ತಾರೆ, ನಮಗೆ ಬೇಡದ್ದೆಲ್ಲ ಯಾಕೆ, ಟೈಮ್ ವೇಸ್ಟ್ ಅಂತ ಗೊಣಗುವವರು ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ. ಈ ಪದ್ಧತಿಗೆ ನೂರು ವರ್ಷ ದಾಟಿದೆ. 1919ರಲ್ಲಿ ಜರ್ಮನಿಯ ವೈಮಾರ್‌ನಲ್ಲಿ ಶುರುವಾದ ಬೌಹೌಸ್ ಅನ್ನುವ ಕಲೆ-ವಿನ್ಯಾಸದ ಶಾಲೆಯಲ್ಲಿ ಯೋಹಾನೆಸ್ ಇಟ್ಟೆನ್ ಒಂದು ಆರಂಭಿಕ ಕೋರ್ಸ್ ಕಟ್ಟಿದರು. ಆರು ತಿಂಗಳು ಬಣ್ಣ, ಆಕಾರ, ಬೇರೆ ಬೇರೆ ಸಾಮಗ್ರಿ ಅಂತ ಕೈಯಾಡಿಸಿದ ಮೇಲೆಯೇ ಯಾವುದಾದರೂ ಒಂದು ವರ್ಕ್‌ಶಾಪ್‌ಗೆ ಪ್ರವೇಶ. ಮುಂದೆ ಅದೇ ಕೋರ್ಸಿನಲ್ಲಿ ಪಾಠ ಮಾಡಿದ ಯೋಸೆಫ್ ಆಲ್ಬರ್ಸ್ ವಿದ್ಯಾರ್ಥಿಗಳ ಕೈಗೆ ಬರೀ ಕಾಗದ ಕೊಟ್ಟು, ಚೂರೂ ಹಾಳು ಮಾಡದೆ ಇದರಲ್ಲೇ ಏನಾದರೂ ಮಾಡಿ ಅನ್ನುತ್ತಿದ್ದರು. ಯಾರಿಗೆ ಯಾವ ಸಾಮಗ್ರಿಯ ಹಟ ಹಿಡಿಸುತ್ತದೆ ಅನ್ನುವುದು ಇಂಥ ಕಡೆಯೇ ಗೊತ್ತಾಗುವುದು. ಹಾಗಾಗಿ ಬೇಡದ ಕ್ಲಾಸ್ ಅಂತ ಬಂಕ್ ಹೊಡೆಯಬೇಡಿ. ನನಗೆ ಬೇಡದ ಕ್ಲಾಸೇ ಕೊನೆಗೆ ಹೊಟ್ಟೆಪಾಡಾಯಿತು.

ಚಿತ್ರ ಬಿಡಿಸುವವರಿಗೆ: ಇಲಸ್ಟ್ರೇಷನ್ನಾ, ಪ್ರಿಂಟ್‌ಮೇಕಿಂಗಾ?

ಕೈಯಲ್ಲಿ ಗೆರೆ ಚೆನ್ನಾಗಿ ಓಡುವವರು ಸಿಕ್ಕಿಹಾಕಿಕೊಳ್ಳುವುದು ಈ ಎರಡರ ನಡುವೆ. ನೋಡಲು ಅಕ್ಕಪಕ್ಕದ ಮನೆ. ಒಳಗೆ ಹೋದರೆ ಬೇರೆಯದೇ ಸಂಸಾರ.

ಇಲಸ್ಟ್ರೇಷನ್‌ನಲ್ಲಿ ಆಗುವ ತಪ್ಪು ಗೆರೆಯದ್ದಲ್ಲ, ಯೋಚನೆಯದ್ದು. ಇದು ನನಗೆ ತುಂಬ ತಡವಾಗಿ ಗೊತ್ತಾಯಿತು. ನಿದ್ದೆ ಬಾರದಿರುವುದರ ಬಗ್ಗೆ ಒಂದು ಲೇಖನ, ಅದಕ್ಕೆ ಚಿತ್ರ ಬಿಡಿಸಿ ಅಂದರು. ನಾನು ಮಂಚ, ಅದರ ಮೇಲೆ ಕಣ್ಣು ಬಿಟ್ಟುಕೊಂಡು ಮಲಗಿರುವ ಮನುಷ್ಯ, ಕಿಟಕಿಯಿಂದ ಬೆಳದಿಂಗಳು, ಹೊದಿಕೆಯ ಒಂದೊಂದು ಮಡಿಕೆಗೂ ನೆರಳು, ಎಲ್ಲ ಹಾಕಿ ಮೂರು ರಾತ್ರಿ ಕೂತು ಬಿಡಿಸಿದೆ. ಮೇಡಂ ನೋಡಿದರು, ಹೆಬ್ಬೆರಳಿನಲ್ಲಿ ತಲೆಬರಹ ಮುಚ್ಚಿದರು, ತೆಗೆದರು, ಮತ್ತೆ ಮುಚ್ಚಿದರು. "ತಲೆಬರಹ ಹೇಳಿದ್ದನ್ನೇ ನಿನ್ನ ಚಿತ್ರ ಇನ್ನೊಂದು ಸಲ ಹೇಳುತ್ತಿದೆ ಅಷ್ಟೇ" ಅಂದರು. ಪಕ್ಕದವಳ ಚಿತ್ರ ನೋಡಿದೆ. ಗೆರೆ ಸೊಟ್ಟ, ನೆರಳು ಅನ್ನುವುದೇ ಇಲ್ಲ. ಆದರೆ ದಿಂಬನ್ನು ಮೈದಾನದಷ್ಟು ದೊಡ್ಡದಾಗಿ ಬಿಡಿಸಿದ್ದಳು, ಅದರ ಮೇಲೆ ಇರುವೆಯಷ್ಟು ಒಬ್ಬ ಮನುಷ್ಯ ಟಾರ್ಚ್ ಹಿಡಿದು ಏನೋ ಹುಡುಕುತ್ತಾ ಹೋಗುತ್ತಿದ್ದಾನೆ. ಹೊಟ್ಟೆ ಉರಿಯಿತು. ಅದಕ್ಕಿಂತ ಜಾಸ್ತಿ, ನನಗೆ ಅಂಥದ್ದು ಹೊಳೆಯುವವರೆಗೂ ಹಾಳೆ ಮೇಲೆ ಹಾಳೆ ಗೀಚುತ್ತಾ ಕೂರುವ ತಾಳ್ಮೆ ಇಲ್ಲ ಅಂತ ಅವತ್ತೇ ಗೊತ್ತಾಯಿತು. ಅವಳಿಗೆ ಇತ್ತು. ಒಂದು ಚಿತ್ರಕ್ಕೆ ಬೆಂಕಿಪೊಟ್ಟಣದಷ್ಟು ಸಣ್ಣ ಮೂವತ್ತು ನಲವತ್ತು ಸ್ಕೆಚ್ ಹಾಕುತ್ತಿದ್ದಳು, ಅದರಲ್ಲಿ ಇಪ್ಪತ್ತೊಂಬತ್ತನೆಯದು ಕೆಲಸಕ್ಕೆ ಬರುತ್ತಿತ್ತು.

ಇನ್ನೊಂದು ಕಷ್ಟ ಒಂದೇ ಪಾತ್ರವನ್ನು ಮತ್ತೆ ಮತ್ತೆ ಬಿಡಿಸುವುದು. ಮಕ್ಕಳ ಚಿತ್ರಪುಸ್ತಕ ಸಾಮಾನ್ಯವಾಗಿ 32 ಪುಟ. ಅಷ್ಟೂ ಪುಟದಲ್ಲಿ ಆ ಹುಡುಗಿಯ ಮೂಗು ಒಂದೇ ಥರ ಇರಬೇಕು, ಹಿಂದಿನಿಂದ ನೋಡಿದರೂ ಅವಳೇ ಅಂತ ಗೊತ್ತಾಗಬೇಕು. ಹದಿನೈದನೇ ಪುಟಕ್ಕೆ ಬರುವಾಗ ಅವಳ ಮೇಲೆ ಬೇಜಾರು ಬಂದರೆ ಅದೂ ಒಂದು ಸೂಚನೆಯೇ.

ಪ್ರಿಂಟ್‌ಮೇಕಿಂಗ್ ಇದಕ್ಕೆ ಪೂರ್ತಿ ಉಲ್ಟಾ. ಇಲ್ಲಿ ತಪ್ಪು ಕೈಯದ್ದು, ಮತ್ತು ತಿದ್ದಲು ಬಾರದ್ದು. ಲಿನೋ ಅಂದರೆ ಉಳಿಯಲ್ಲಿ ಕೆತ್ತಲು ಬರುವ ಮೆತ್ತನೆಯ ಹಾಳೆ, ಅದರ ನನ್ನ ಮೊದಲ ಬ್ಲಾಕಿನಲ್ಲಿ "ಮಳೆ" ಅಂತ ದೊಡ್ಡದಾಗಿ ಕೆತ್ತಿದೆ. ಎರಡು ಸಂಜೆ ಹಿಡಿಯಿತು. ಳಕಾರದ ಒಳಗಿನ ಸುರುಳಿ ಮುರಿಯದ ಹಾಗೆ ಉಸಿರು ಬಿಗಿಹಿಡಿದು ಕೆತ್ತಿದ್ದೆ. ಇಂಕ್ ಹಚ್ಚಿ, ಕಾಗದ ಹಾಸಿ, ಚಮಚದ ಬೆನ್ನಿನಿಂದ ಉಜ್ಜಿ, ಮೂಲೆ ಹಿಡಿದು ಎತ್ತಿದರೆ ಮಳೆ ಹಿಂದುಮುಂದಾಗಿ ಬಂತು. ಬ್ಲಾಕಿನಲ್ಲಿ ಕನ್ನಡಿಯಲ್ಲಿ ಕಂಡ ಹಾಗೆ ಕೆತ್ತಬೇಕು ಅಂತ ಕ್ಲಾಸಿನಲ್ಲಿ ಮೂರು ಸಲ ಹೇಳಿದ್ದರು. ಕಂಪ್ಯೂಟರಿನಲ್ಲಾದರೆ ಅಂಡೂ ಒತ್ತಬಹುದಿತ್ತು. ಲಿನೋಗೆ ಅಂಡೂ ಇಲ್ಲ. ಇದನ್ನು ಕೇಳಿ ನಿಮಗೆ ಹೆದರಿಕೆ ಬಂದರೆ ಒಂದು ಥರ, "ಅಯ್ಯೋ ಮಜಾ ಇದೆಯಲ್ಲ" ಅನ್ನಿಸಿದರೆ ಇನ್ನೊಂದು ಥರ.

ಮಜಾ ಇರುವುದೂ ನಿಜ. ಲಿನೋ ಗಟ್ಟಿಯಾಗಿದ್ದರೆ ಸ್ವಲ್ಪ ಬಿಸಿ ಮಾಡಿದರೆ ಬೆಣ್ಣೆಯ ಹಾಗೆ ಕೊರೆಯುತ್ತದೆ. ಉಳಿ ಹಿಡಿದ ಕೈಯ ಮುಂದೆ ಇನ್ನೊಂದು ಕೈ ಇಡಬಾರದು, ಇಟ್ಟವರ ಬೆರಳಿಗೆ ಪಟ್ಟಿ ಗ್ಯಾರಂಟಿ. ಇಂಕ್ ಸಾಕಾಯಿತಾ ಅಂತ ಕಣ್ಣಲ್ಲಿ ನೋಡುವುದಕ್ಕಿಂತ ಕಿವಿಯಲ್ಲಿ ಕೇಳಬೇಕು. ಗಾಜಿನ ಮೇಲೆ ರೋಲರ್ ಆಡಿಸುವಾಗ ಮೊದಲು ಪಚಪಚ ಅನ್ನುತ್ತದೆ, ತೆಳ್ಳಗಾಗುತ್ತಾ ಬಂದ ಹಾಗೆ ಸರ್ ಅಂತ ಒಂದೇ ಸಮನೆ ಸದ್ದು ಬರುತ್ತದೆ. ಆಗ ಬ್ಲಾಕಿಗೆ ಹಚ್ಚಬೇಕು. ಪುಸ್ತಕ ಓದಿ ಇದು ಬರುವುದಿಲ್ಲ.

ಒಂದೇ ಬ್ಲಾಕಿನಲ್ಲಿ ಹಲವು ಬಣ್ಣ ಹಾಕುವ ರಿಡಕ್ಷನ್ ಪದ್ಧತಿಯಲ್ಲಂತೂ ಧೈರ್ಯವೇ ಬಂಡವಾಳ. ಮೊದಲ ಬಣ್ಣ ಎಲ್ಲ ಹಾಳೆಗೂ ಒತ್ತಬೇಕು, ಆಮೇಲೆ ಅದೇ ಬ್ಲಾಕನ್ನು ಇನ್ನಷ್ಟು ಕೆತ್ತಿ ಎರಡನೇ ಬಣ್ಣ, ಮತ್ತೆ ಕೆತ್ತಿ ಮೂರನೆಯದು. ಮೊದಲು 12 ಹಾಳೆ ಒತ್ತಿದ್ದರೆ ಕೊನೆಗೆ 12ಕ್ಕಿಂತ ಜಾಸ್ತಿ ಬರಲು ಸಾಧ್ಯವೇ ಇಲ್ಲ, ಯಾಕೆಂದರೆ ಆ ಬ್ಲಾಕ್ ಈಗ ಇಲ್ಲ. ಪ್ರತಿಯ ಕೆಳಗೆ ಪೆನ್ಸಿಲಿನಲ್ಲಿ 3/12, ಅಂದರೆ ಹನ್ನೆರಡರಲ್ಲಿ ಮೂರನೆಯದು, ಅಂತ ಬರೆದಾಗ ಆ 12ಕ್ಕೆ ಇರುವ ಬೆಲೆ ಇದೇ. ಎಚಿಂಗ್ ಇನ್ನೂ ನಿಧಾನ. ಲೋಹದ ತಗಡಿನ ಮೇಲೆ ಗೀಚಿದ ಗೆರೆಗಳನ್ನು ಆಸಿಡ್ ತಿನ್ನುವುದಕ್ಕೆ ಬಿಟ್ಟು ಗಡಿಯಾರ ನೋಡುತ್ತಾ ನಿಲ್ಲಬೇಕು, ಜಾಸ್ತಿ ಹೊತ್ತು ಬಿಟ್ಟಷ್ಟೂ ಗೆರೆ ಕಪ್ಪಾಗುತ್ತದೆ. 1790ರ ದಶಕದಲ್ಲಿ ಅಲೋಯ್ಸ್ ಸೆನೆಫೆಲ್ಡರ್ ಕಂಡುಹಿಡಿದ ಲಿಥೋಗ್ರಫಿ, ಅಂದರೆ ಕಲ್ಲಿನ ಮೇಲೆ ಎಣ್ಣೆಯಂಶದ ಬಳಪದಲ್ಲಿ ಚಿತ್ರ ಬಿಡಿಸಿ ಒತ್ತುವುದು, ನಿಂತಿರುವುದು ಎಣ್ಣೆಗೂ ನೀರಿಗೂ ಆಗಿಬರುವುದಿಲ್ಲ ಅನ್ನುವ ಒಂದೇ ಸಂಗತಿಯ ಮೇಲೆ, ಆದರೆ ಕಲ್ಲು ಒಂದು ಕ್ಷಣ ಒಣಗಿತೋ, ಚಿತ್ರವೆಲ್ಲ ಕಪ್ಪು ಮಸಿ. ಜಾಲರಿಯ ಮೂಲಕ ಇಂಕ್ ಒತ್ತುವ ಸ್ಕ್ರೀನ್ ಪ್ರಿಂಟ್ ಇವುಗಳಲ್ಲಿ ಸ್ವಲ್ಪ ಕ್ಷಮಿಸುವ ಸ್ವಭಾವದ್ದು. ಅದರಲ್ಲೂ ಜಾಲರಿಯಲ್ಲಿ ಇಂಕ್ ಒಣಗಲು ಬಿಟ್ಟು ಮಾತಾಡಲು ಹೋದರೆ ಮುಗಿಯಿತು. ಜಾಲರಿಯ ನಂಬರ್, ಅಂದರೆ ಸೆಂಟಿಮೀಟರಿಗೆ ಎಷ್ಟು ಎಳೆ ಅನ್ನುವುದನ್ನೂ ಕೇಳಿಕೊಳ್ಳಿ. ಬಟ್ಟೆಗೆ 43ಟಿ ಥರದ ದೊಡ್ಡ ಕಣ್ಣಿನ ಜಾಲರಿ, ಕಾಗದಕ್ಕೆ 77ಟಿ, 90ಟಿ ಥರದ ನುಣ್ಣನೆಯದು. ನಮ್ಮ ಬ್ಯಾಚಿನಲ್ಲಿ ಅರ್ಧ ಜನ ಬಟ್ಟೆಯ ಜಾಲರಿಯಲ್ಲಿ ಕಾಗದಕ್ಕೆ ಒತ್ತಿ, ಸಣ್ಣ ಅಕ್ಷರವೆಲ್ಲ ಮುದ್ದೆಯಾಗಿ, ತಲೆ ಮೇಲೆ ಕೈ ಹೊತ್ತುಕೊಂಡರು.

ಎರಡರಲ್ಲಿ ಒಂದು ಅಂದರೆ ನನ್ನ ಮಾತು ಇಷ್ಟು: ಹೊಳೆಯಲಿಲ್ಲ ಅನ್ನುವ ಸಂಕಟ ತಡೆಯುತ್ತೀರಾದರೆ ಇಲಸ್ಟ್ರೇಷನ್. ಹೊಳೆದದ್ದು ಕೈ ತಪ್ಪಿ ಹಾಳಾಯಿತು ಅನ್ನುವ ಸಂಕಟ ತಡೆಯುತ್ತೀರಾದರೆ ಪ್ರಿಂಟ್.

ಅಕ್ಷರದ ಕಡೆ

ಇಲ್ಲಿ ಮೂರು ಕೆಲಸವನ್ನು ಜನ ಒಂದೇ ಅಂದುಕೊಳ್ಳುತ್ತಾರೆ. ಅಕ್ಷರವನ್ನೇ ಮಾಡುವುದು ಟೈಪ್ ಡಿಸೈನ್. ಯಾರೋ ಮಾಡಿದ ಅಕ್ಷರವನ್ನು ಜೋಡಿಸುವುದು ಟೈಪೋಗ್ರಫಿ. ಹಾಗೆ ಜೋಡಿಸಿದ್ದನ್ನು ನೂರಾರು ಪುಟ ಕೆಡದ ಹಾಗೆ ಸಾಗಿಸುವುದು ಪುಸ್ತಕ ವಿನ್ಯಾಸ. ತಪ್ಪುಗಳೂ ಬೇರೆ ಬೇರೆ.

ಟೈಪ್ ಡಿಸೈನ್‌ನ ತಪ್ಪು ಕೂದಲೆಳೆಯಷ್ಟು. ಸೊನ್ನೆಯನ್ನು ಸ್ಕೇಲ್ ಹಿಡಿದ ಹಾಗೆ ಪಕ್ಕದ ಅಕ್ಷರದಷ್ಟೇ ಎತ್ತರ ಮಾಡಿದರೆ ಕಣ್ಣಿಗೆ ಚಿಕ್ಕದಾಗಿ ಕಾಣುತ್ತದೆ, ಅದಕ್ಕೇ ದುಂಡನೆಯದನ್ನು ಚೂರು ಜಾಸ್ತಿ ಎತ್ತರ ಮಾಡುತ್ತಾರೆ. ಯಾರಿಗೂ ಗೊತ್ತಾಗುವುದಿಲ್ಲ, ಗೊತ್ತಾಗಲೂಬಾರದು. ಅದರ ಮೇಲೆ ಲಿಪಿಯ ಗಾತ್ರ ನೋಡಿ. ಇಂಗ್ಲಿಷಿಗೆ ದೊಡ್ಡಕ್ಷರ, ಸಣ್ಣಕ್ಷರ ಸೇರಿ 52. ಕನ್ನಡಕ್ಕೆ 34 ವ್ಯಂಜನ, ಒಂದೊಂದಕ್ಕೂ ಗುಣಿತ, ಒಂದೊಂದಕ್ಕೂ ಒತ್ತು. ಎಣಿಕೆ ನೂರಾರು ದಾಟುತ್ತದೆ. ತಲಕಟ್ಟಿನ ಮೂತಿ ಸ್ವಲ್ಪ ಬದಲಿಸೋಣ ಅಂತ ಮಧ್ಯದಲ್ಲಿ ಅನ್ನಿಸಿತೋ, ಮೊದಲಿನಿಂದ ಶುರು. ಇದು ಮಜಾ ಅನ್ನಿಸುವವರು ನೂರಕ್ಕೆ ಇಬ್ಬರು ಸಿಗಬಹುದು. ಆ ಇಬ್ಬರನ್ನು ಯಾರೂ ತಡೆಯಲು ಆಗುವುದಿಲ್ಲ, ಅವರಿಗೆ ಈ ಲೇಖನವೂ ಬೇಕಾಗಿಲ್ಲ.

ಟೈಪೋಗ್ರಫಿಯ ತಪ್ಪನ್ನು ಓದುಗರು ನೋಡುವುದಿಲ್ಲ, ಅನುಭವಿಸುತ್ತಾರೆ. ಓದುತ್ತಾ ಓದುತ್ತಾ ಒಂದೇ ಸಾಲನ್ನು ಎರಡು ಸಲ ಓದಿದ್ದೀರಾ? ಸಾಲು ಉದ್ದ ಆಗಿರುತ್ತದೆ, ಇಲ್ಲವೇ ಸಾಲುಗಳ ನಡುವೆ ಜಾಗ ಸಾಲದು. ಇಂಗ್ಲಿಷ್ ಪುಸ್ತಕಕ್ಕೆ ಸಾಲಿಗೆ 45ರಿಂದ 75 ಅಕ್ಷರ ಅಂತ ಒಂದು ರೂಢಿಯ ಲೆಕ್ಕ ಇದೆ. ಸಾಲಿನ ಅಂತರವನ್ನು ಪುಟ ಜೋಡಿಸುವ ಸಾಫ್ಟ್‌ವೇರ್ ಇನ್‌ಡಿಸೈನ್ ತಾನಾಗೇ ಅಕ್ಷರದ ಅಳತೆಯ ಶೇಕಡಾ 120 ಇಡುತ್ತದೆ. ಇದನ್ನೇ ಕನ್ನಡಕ್ಕೆ ಬಿಟ್ಟು ನೋಡಿ. "ರಾಷ್ಟ್ರ" ಅಂತ ಒಂದು ಪದ ಬರಲಿ, ಷಕಾರದ ಕೆಳಗೆ ಟಕಾರದ ಒತ್ತು, ಅದರ ಜೊತೆಗೆ ರಕಾರದ ಒತ್ತು. ಅದರ ಕೆಳಗಿನ ಸಾಲಿನಲ್ಲಿ ಸರಿಯಾಗಿ ಅಲ್ಲೇ ಒಂದು "ಕೀ" ಬಂದರೆ ಗುಡಿಸು ಹೋಗಿ ಒತ್ತಿಗೆ ತಾಕುತ್ತದೆ. ನಾನು ಮೊದಲ ಸಲ ಕನ್ನಡ ಪೋಸ್ಟರ್ ಮಾಡಿದಾಗ ಒತ್ತಕ್ಷರವೆಲ್ಲ ಬಿಡಿಬಿಡಿಯಾಗಿ ಒಡೆದು ಬಂದು, ಫಾಂಟ್ ಕೆಟ್ಟಿದೆ ಅಂತ ನಾಲ್ಕು ಫಾಂಟ್ ಬದಲಿಸಿದೆ. ತಪ್ಪು ಫಾಂಟಿನದ್ದಲ್ಲ, ವರ್ಲ್ಡ್-ರೆಡಿ ಕಂಪೋಸರ್ ಅನ್ನುವ ಒಂದು ಸೆಟ್ಟಿಂಗ್ ಆನ್ ಮಾಡಿರಲಿಲ್ಲ. ಅದನ್ನು ಹುಡುಕಲು ಒಂದು ಇಡೀ ಸಂಜೆ ಹೋಯಿತು. ವಿಚಿತ್ರ ಅಂದರೆ ಆ ಸಂಜೆ ನನಗೆ ಬೇಜಾರೇ ಆಗಲಿಲ್ಲ. ಮೂರು ರಾತ್ರಿ ಬಿಡಿಸಿದ ಮಂಚದ ಚಿತ್ರವನ್ನು ಇನ್ನೊಂದು ಸಲ ಬಿಡಿಸು ಅಂದಾಗ ಅಳು ಬಂದಿತ್ತು. ಇಲ್ಲಿ ಎದ್ದು ನೀರು ಕುಡಿಯುವುದೂ ಮರೆತಿದ್ದೆ. ಬ್ಯಾಗಿನಲ್ಲಿ ಹೊಸ ಅರ್ಜಿ ಬಂದದ್ದು ಇದಾದ ಮೇಲೆ.

ಪುಸ್ತಕ ವಿನ್ಯಾಸದಲ್ಲಿ ಲೆಕ್ಕ ತಪ್ಪುತ್ತದೆ. ಮಧ್ಯಕ್ಕೆ ಪಿನ್ ಹೊಡೆಯುವ ಪುಸ್ತಿಕೆಯ ಪುಟಗಳು ನಾಲ್ಕರಿಂದ ಭಾಗವಾಗಬೇಕು, ಒಂದು ಹಾಳೆ ಮಡಚಿದರೆ ನಾಲ್ಕು ಪುಟ, ಅಷ್ಟೇ ಸರಳ. ನಾನು 18 ಪುಟ ಮಾಡಿಕೊಂಡು ಹೋದೆ. ಕೊನೆಗೆ ಎರಡು ಖಾಲಿ ಪುಟ ಉಳಿದು, ಅದಕ್ಕೆ "ಟಿಪ್ಪಣಿಗಳು" ಅಂತ ಗೆರೆ ಎಳೆದು ಮಾನ ಉಳಿಸಿಕೊಂಡೆ. ಹೊಲಿದು ಕಟ್ಟುವ ಪುಸ್ತಕವಾದರೆ 16 ಪುಟದ ಕಟ್ಟುಗಳ ಲೆಕ್ಕ ನೋಡಬೇಕು. ಕಾಗದಕ್ಕೂ ನಾರಿನ ಓಟ ಇದೆ, ಅದು ಬೆನ್ನಿಗೆ ಸಮನಾಗಿ ಇಲ್ಲದಿದ್ದರೆ ಪುಟಗಳು ಸೆಟೆದುಕೊಂಡು ನಿಲ್ಲುತ್ತವೆ, ಪುಸ್ತಕ ಬಿಚ್ಚಿಕೊಳ್ಳುವುದೇ ಇಲ್ಲ. ಹಾಳೆಯನ್ನು ಎರಡೂ ಕಡೆಗೆ ಮೆಲ್ಲಗೆ ಬಗ್ಗಿಸಿ ನೋಡಿ, ಯಾವ ಕಡೆ ಸುಲಭವಾಗಿ ಬಗ್ಗುತ್ತದೋ ಆ ಮಡಿಕೆಯ ಗೆರೆಯೇ ನಾರಿನ ಓಟ.

ಬ್ರ್ಯಾಂಡಿಂಗ್ ಮತ್ತು ಮಾಹಿತಿ ವಿನ್ಯಾಸ

ಬ್ರ್ಯಾಂಡಿಂಗ್ ಅಂದರೆ ಲೋಗೋ ಅಂತ ಸೇರುವವರು ಜಾಸ್ತಿ. ನೈಕಿಯ ಆ ಬಾಗಿದ ಗುರುತನ್ನು 1971ರಲ್ಲಿ ಬಿಡಿಸಿದ್ದು ಕ್ಯಾರೊಲಿನ್ ಡೇವಿಡ್‌ಸನ್, ಆಗ ಅವರಿನ್ನೂ ಡಿಸೈನ್ ವಿದ್ಯಾರ್ಥಿನಿ, ಸಿಕ್ಕಿದ್ದು 35 ಡಾಲರ್. ಈ ಕಥೆ ಕೇಳಿ ಎಷ್ಟೋ ಜನ ಕನಸು ಕಾಣುತ್ತಾರೆ. ನಿಜವಾದ ಕೆಲಸ ಅದಾದ ಮೇಲಿನದು. ಕಂಪ್ಯೂಟರ್ ಕಂಪನಿ ಐಬಿಎಂಗೆ ಡಿಸೈನರ್ ಪಾಲ್ ರ‍್ಯಾಂಡ್ ಅಕ್ಷರಗಳ ಲೋಗೋ ಮಾಡಿದ್ದು 1956ರಲ್ಲಿ, ಈಗ ನಾವು ನೋಡುವ ಎಂಟು ಪಟ್ಟೆಯದು 1972ರಲ್ಲಿ. ಒಂದೇ ಗಿರಾಕಿಯ ಜೊತೆ ಹದಿನಾರು ವರ್ಷ! ಇಲ್ಲಿ ನಿಮ್ಮ ತಪ್ಪಿಗಿಂತ ಬೇರೆಯವರ ಅಭಿಪ್ರಾಯದ ಜೊತೆ ಬಾಳುವುದು ಕಷ್ಟ. ಹತ್ತು ಜನ ಕೂತ ಕೋಣೆಯಲ್ಲಿ ಪ್ರತಿಯೊಬ್ಬರೂ ಮೂಗು ತೂರಿಸುತ್ತಾರೆ, ನೀಲಿ ಇನ್ನೂ ಸ್ವಲ್ಪ ನೀಲಿಯಾಗಲಿ ಅನ್ನುತ್ತಾರೆ. ನಕ್ಕುಕೊಂಡು, ಯಾಕೆ ಬೇಡ ಅಂತ ಅವರಿಗೆ ಅರ್ಥವಾಗುವ ಹಾಗೆ ಹೇಳಿ, ಮರುದಿನ ಮತ್ತೆ ಹೋಗಬಲ್ಲವರಿಗೆ ಇದು ಒಳ್ಳೆಯ ಜಾಗ. ಮಾತು ಬಾರದ ನನ್ನಂಥವರಿಗಲ್ಲ. ಪರೀಕ್ಷೆ ಮಾಡಬೇಕಾದರೆ ನಿಮ್ಮ ಲೋಗೋವನ್ನು ಬರೀ ಕಪ್ಪಿನಲ್ಲಿ, 16 ಪಿಕ್ಸೆಲ್ ಅಗಲಕ್ಕೆ ಇಳಿಸಿ ನೋಡಿ. ಚುಕ್ಕೆಯಾಗಿ ಕಂಡರೆ ವಾಪಸ್ ಹೋಗಿ ಕೂರುವ ಮನಸ್ಸಾಗುತ್ತದಾ, ಅಥವಾ "ಅಷ್ಟು ಚಿಕ್ಕದಾಗಿ ಯಾರು ನೋಡುತ್ತಾರೆ" ಅಂತ ವಾದ ಮಾಡುತ್ತೀರಾ?

ನಕ್ಷೆ, ಚಾರ್ಟುಗಳನ್ನು ಸುಲಭವಾಗಿ ಅರ್ಥವಾಗುವ ಹಾಗೆ ಮಾಡುವ ಮಾಹಿತಿ ವಿನ್ಯಾಸದ ಹೆಸರು ಫಾರಂನಲ್ಲಿ ಕೆಳಗೆಲ್ಲೋ ಇರುತ್ತದೆ, ಯಾರೂ ನೋಡುವುದಿಲ್ಲ. ಅನ್ಯಾಯ. ಲಂಡನ್ನಿನ ಭೂಗತ ರೈಲಿನ ನಕ್ಷೆಯನ್ನು 1931ರಲ್ಲಿ ಮರುರೂಪಿಸಿದ ಹ್ಯಾರಿ ಬೆಕ್ ಕಲಾವಿದರಲ್ಲ, ಎಂಜಿನಿಯರಿಂಗ್ ನಕ್ಷೆ ಬರೆಯುತ್ತಿದ್ದವರು. ಭೂಮಿಯ ಮೇಲೆ ನಿಲ್ದಾಣ ಎಲ್ಲಿದೆ ಅನ್ನುವುದು ಸುರಂಗದಲ್ಲಿ ಕೂತವರಿಗೆ ಬೇಕಾಗಿಲ್ಲ, ಎಲ್ಲಿ ಬದಲಿಸಬೇಕು ಅನ್ನುವುದಷ್ಟೇ ಸಾಕು ಅಂತ ಅಡ್ಡ, ಉದ್ದ, 45 ಡಿಗ್ರಿ ಓರೆ ಗೆರೆಗಳಲ್ಲೇ ಎಲ್ಲವನ್ನೂ ಕೂರಿಸಿದರು. ಮೊದಲು ಬೇಡ ಅಂದರು. 1933ರಲ್ಲಿ ಅಚ್ಚಾಯಿತು, ಜನ ಮುಗಿಬಿದ್ದು ಒಯ್ದರು. ಇಲ್ಲಿಯ ತಪ್ಪು ದೊಡ್ಡದು, ಅದರ ಹೆಸರು ಸುಳ್ಳು. ಕಂಬಗಳ ಚಾರ್ಟನ್ನು ಸೊನ್ನೆಯಿಂದ ಶುರು ಮಾಡದೆ 90ರಿಂದ ಶುರು ಮಾಡಿ, 95ರ ಪಕ್ಕ 100 ಇಟ್ಟರೆ ಎರಡು ಪಟ್ಟು ಎತ್ತರ ಕಾಣುತ್ತದೆ. ಅಂಕಿ ಒಂದೂ ತಪ್ಪಿಲ್ಲ, ಚಿತ್ರ ಪೂರ್ತಿ ಸುಳ್ಳು. ಯಾರೋ ಮಾಡಿದ ಚಾರ್ಟ್ ನೋಡಿದ ತಕ್ಷಣ ಇಂಥದ್ದು ಕಣ್ಣಿಗೆ ಚುಚ್ಚಿದರೆ, ಗೆರೆ ಚೆನ್ನಾಗಿ ಬಾರದಿದ್ದರೂ ಚಿಂತೆ ಇಲ್ಲ, ಈ ಕಡೆ ಬನ್ನಿ.

ಪರದೆಯ ಕೆಲಸಗಳು

ಯುಐ ಬಗ್ಗೆ ನೀವು ಬೇಕಾದಷ್ಟು ಓದಿರುತ್ತೀರಿ, ಚಿಕ್ಕದಾಗಿ ಹೇಳುತ್ತೇನೆ. ಇಲ್ಲಿ ಯಾವ ತಪ್ಪನ್ನಾದರೂ ನಾಳೆ ತಿದ್ದಬಹುದು, ಅದೇ ಸಮಾಧಾನ. ಕೆಲಸ ಮುಗಿಯುವುದೇ ಇಲ್ಲ, ಅದೇ ಗೋಳು. ಅಳತೆಗಳು ಸ್ಪಷ್ಟವಾಗಿರುತ್ತವೆ. ಸಾಮಾನ್ಯ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಕಾಂಟ್ರಾಸ್ಟ್ (ಹೊಳಪಿನ ವ್ಯತ್ಯಾಸ) ಇರಬೇಕು ಅನ್ನುವುದು ವೆಬ್ಬಿನ ನಿಯಮಾವಳಿ, ನಿಮಗೆ ಎಷ್ಟೇ ಇಷ್ಟವಾದರೂ ಬಿಳಿಯ ಮೇಲಿನ ತಿಳಿಬೂದು ಅಕ್ಷರ ಅಲ್ಲಿ ಸೋಲುತ್ತದೆ. ನಿಯಮ ಇದ್ದರೆ ನೆಮ್ಮದಿ ಅನ್ನುವವರಿಗೆ ಸರಿ. ಐಕಾನ್ ಮಾಡುವುದು ಇಷ್ಟವಾದರೆ 32 ಗುಣಿಸು 32 ಚೌಕದ ಹಾಳೆ ತೆಗೆದುಕೊಂಡು ಚೌಕ ತುಂಬಿ ನೋಡಿ. 1984ರ ಮ್ಯಾಕಿಂಟಾಷ್‌ಗೆ ಸೂಸನ್ ಕೇರ್ ಐಕಾನ್‌ಗಳನ್ನು ಮಾಡಿದ್ದು ಅಷ್ಟೇ ಜಾಗದಲ್ಲಿ.

ಮೋಷನ್‌ಗೆ ಸೇರುವವರು ಒಂದು ಲೆಕ್ಕ ಮಾಡಿ ಸೇರಿ. ಸಿನಿಮಾಕ್ಕೆ ಸೆಕೆಂಡಿಗೆ 24 ಫ್ರೇಮ್. ಒಂದು ಚಿತ್ರವನ್ನು ಎರಡು ಫ್ರೇಮ್ ನಿಲ್ಲಿಸಿದರೂ ಸೆಕೆಂಡಿಗೆ 12 ಚಿತ್ರ, ಹತ್ತು ಸೆಕೆಂಡಿಗೆ 120. ತಪ್ಪು ಆಗುವುದು ಸಮಯದಲ್ಲಿ. ಚೆಂಡು ನೆಲಕ್ಕೆ ಬೀಳುವಾಗ ಎರಡು ಫ್ರೇಮ್ ಹೆಚ್ಚಾದರೆ ಬಲೂನಿನ ಹಾಗೆ ತೇಲುತ್ತದೆ. ನಿಲ್ಲಿಸಿ ನೋಡಿದರೆ ಒಂದೊಂದು ಚಿತ್ರವೂ ಸರಿ, ಓಡಿಸಿದರೆ ಸುಳ್ಳು. ತಾಳ ಗೊತ್ತಿರುವವರಿಗೆ, ಹಾಡು ಕೇಳುವಾಗ ತಾನಾಗೇ ಬೆರಳು ಆಡಿಸುವವರಿಗೆ ಇದು ಬೇಗ ಕೈಹತ್ತುತ್ತದೆ. ಇದು ನನ್ನ ಅಂದಾಜಷ್ಟೇ, ಆದರೆ ನಮ್ಮ ಬ್ಯಾಚಿನಲ್ಲಿ ತಪ್ಪಲಿಲ್ಲ.

ಪ್ಯಾಕೇಜಿಂಗ್ ಪರದೆಯದ್ದಲ್ಲ, ಆದರೂ ಇಲ್ಲೇ ಒಂದು ಸಾಲು: ಖಾಲಿ ಪೊಟ್ಟಣವೊಂದನ್ನು ಅಂಟು ಬಿಡಿಸಿ ಪೂರ್ತಿ ಹರಡಿ, ಮತ್ತೆ ಮಡಚಿ, ಬೇಕೆಂದೇ ತಲೆಕೆಳಗಾಗಿ ಅಚ್ಚಾಗಿರುವ ಭಾಗ ಯಾವುದು, ಯಾಕೆ ಅಂತ ಹುಡುಕಲು ಮಜಾ ಬಂದರೆ ಅದನ್ನೂ ಪಟ್ಟಿಗೆ ಸೇರಿಸಿಕೊಳ್ಳಿ.

ಒಂದೇ ಮಳೆ, ಆರು ಥರ

ಸುಮ್ನೆ ಓದಿದರೆ ಇದೆಲ್ಲ ತಲೆಯಲ್ಲಿ ಕಲಸಿಹೋಗುತ್ತದೆ. ಒಂದೇ ವಿಷಯ ಹಿಡಿದು ಎಲ್ಲ ವಿಭಾಗದಲ್ಲೂ ಒಮ್ಮೆ ಮಾಡಿ ನೋಡಿ. ವಿಷಯ ಬದಲಾದರೆ ಹೋಲಿಕೆ ಹಾಳಾಗುತ್ತದೆ, ವಿಷಯ ಇಷ್ಟವಾಯಿತಾ, ವಿಭಾಗ ಇಷ್ಟವಾಯಿತಾ ಅಂತ ಗೊತ್ತೇ ಆಗುವುದಿಲ್ಲ. ಮಳೆಯನ್ನೇ ತೆಗೆದುಕೊಳ್ಳಿ. ಮಳೆಯ ಬಗ್ಗೆ ಒಂದು ಪ್ಯಾರಾಗೆ ಚಿತ್ರ. ಲಿನೋದಲ್ಲಿ ಮಳೆ, ಐದು ಪ್ರತಿ, ಐದೂ ಒಂದೇ ಥರ ಬರಬೇಕು. ಬರೀ ಅಕ್ಷರದಲ್ಲಿ ಮಳೆಯ ಪೋಸ್ಟರ್, ಹನಿ ಬಿಡಿಸುವ ಹಾಗಿಲ್ಲ. ಹನ್ನೆರಡು ತಿಂಗಳ ಮಳೆಯ ಲೆಕ್ಕ ಒಂದೇ ಪುಟದಲ್ಲಿ. ಐದು ಸೆಕೆಂಡಿನ ಮಳೆ. ಹವಾಮಾನ ಆ್ಯಪಿನ ಒಂದು ಪರದೆ, ಒಂದು ಐಕಾನ್. ಒಂದೊಂದಕ್ಕೆ ಹೆಚ್ಚೆಂದರೆ ಹತ್ತು ದಿನ.

ಮುಖ್ಯವಾದದ್ದು ಪಕ್ಕದಲ್ಲಿ ಬರೆದುಕೊಳ್ಳುವ ಡೈರಿ. ಅದರಲ್ಲಿ ಇಷ್ಟವಾಯಿತು, ಆಗಲಿಲ್ಲ ಅಂತ ಬರೆಯಬೇಡಿ, ಅದು ಆ ದಿನದ ಮೂಡಿನ ಮೇಲೆ ಹೋಗುತ್ತದೆ. ಎಲ್ಲಿ ತಪ್ಪಾಯಿತು, ಎಷ್ಟು ಸಲ ತಿದ್ದಿದೆ, ಯಾರೂ ಕೇಳದಿದ್ದರೂ ತಿದ್ದಿದ್ದು ಯಾವುದು, ಇಷ್ಟು ಸಾಕು. ಕೊನೆಯದನ್ನು ಕೆಂಪು ಪೆನ್ನಿನಲ್ಲಿ ಬರೆಯಿರಿ. ಮೇಷ್ಟ್ರು ಸಾಕು ಅಂದ ಮೇಲೂ ನೀವು ತಿದ್ದಿದ್ದು ಎಲ್ಲಿ ಜಾಸ್ತಿ ಇದೆಯೋ ನೋಡಿ. ನನ್ನ ಹಳೆಯ ಡೈರಿಯಲ್ಲಿ ಇಲಸ್ಟ್ರೇಷನ್ ಪುಟದಲ್ಲಿ ಕೆಂಪು ಒಂದೂ ಇರಲಿಲ್ಲ. ಅವತ್ತೇ ತಿರುಗಿಸಿ ನೋಡಿದ್ದರೆ ಒಂದು ಸೆಮಿಸ್ಟರ್ ಉಳಿಯುತ್ತಿತ್ತು.

ಇನ್ನು ಕೆಲಸದ ಮಾತು. ಮನೆಯವರು ಕೇಳುವುದು ಅದನ್ನೇ, ಕೇಳುವುದು ತಪ್ಪೂ ಅಲ್ಲ. ಯುಐ, ಮೋಷನ್, ಬ್ರ್ಯಾಂಡಿಂಗ್‌ಗೆ ಸಂಬಳದ ಕೆಲಸಗಳು ಜಾಸ್ತಿ ಕಾಣುತ್ತವೆ. ಟೈಪ್ ಡಿಸೈನ್, ಪ್ರಿಂಟ್‌ಮೇಕಿಂಗ್‌ಗೆ ಕಡಿಮೆ, ಅಲ್ಲಿರುವವರು ಪಾಠ, ಪ್ರದರ್ಶನ, ಬಿಡಿ ಕೆಲಸ ಎಲ್ಲ ಸೇರಿಸಿ ಸಾಗುತ್ತಾರೆ. ಆದರೆ ಇದಕ್ಕೆ ಇನ್ನೊಂದು ಮಗ್ಗುಲಿದೆ. ಸಾಫ್ಟ್‌ವೇರನ್ನು ಮನೆಯಲ್ಲಿ ಕೂತು ಯಾವಾಗ ಬೇಕಾದರೂ ಕಲಿಯಬಹುದು. ಎಚಿಂಗ್ ಪ್ರೆಸ್, ಆಸಿಡ್ ತೊಟ್ಟಿ, ಸ್ಕ್ರೀನ್ ಎಕ್ಸ್‌ಪೋಸ್ ಮಾಡುವ ಯಂತ್ರ ಮನೆಗೆ ಬರುವುದಿಲ್ಲ. ಕಾಲೇಜಿನಲ್ಲಿ ಇರುವಷ್ಟು ದಿನವೇ ಅವು ನಿಮ್ಮವು. ಹಾಗಾಗಿ ಯುಐಗೆ ಟಿಕ್ ಹಾಕಿದರೂ ಪ್ರಿಂಟ್ ರೂಮಿನ ಬಾಗಿಲು ತಟ್ಟುವುದನ್ನು ಬಿಡಬೇಡಿ, ಅಲ್ಲಿಯ ಯಂತ್ರ ನೋಡಿಕೊಳ್ಳುವವರ ಜೊತೆ ಚೆನ್ನಾಗಿರಿ, ರೋಲರ್ ತೊಳೆದಿಡಿ. ಎಐ ಬಂದಿದೆಯಲ್ಲ, ಇನ್ನು ಇಲಸ್ಟ್ರೇಷನ್ ಯಾಕೆ ಅಂತ ಕೇಳುವವರಿಗೆ ಆ ದಿಂಬಿನ ಚಿತ್ರದ ಕಥೆ ಹೇಳಿ. ಮಂಚ, ಬೆಳದಿಂಗಳು, ಹೊದಿಕೆಯ ಮಡಿಕೆ ಎಲ್ಲ ಯಂತ್ರವೂ ಬಿಡಿಸುತ್ತದೆ, ನನಗಿಂತ ಚೆನ್ನಾಗಿಯೇ. ಹೊದಿಕೆಯಲ್ಲ, ದಿಂಬು ಅಂತ ಹೊಳೆಯಬೇಕಾದದ್ದು ಆ ಪಕ್ಕದವಳಿಗೇ.

ಫಾರಂ ಕೊಡುವ ಮುಂಚೆ ಎರಡು ವಿಷಯ ಆಫೀಸಿನಲ್ಲಿ ಕೇಳಿಕೊಳ್ಳಿ: ಬದಲಿಸಲು ಅವಕಾಶ ಇದೆಯಾ, ಇದ್ದರೆ ಯಾವ ತಾರೀಖಿನವರೆಗೆ. ನನಗೆ ಇದು ಗೊತ್ತಾದದ್ದು ಗಡುವಿಗೆ ನಾಲ್ಕು ದಿನ ಇರುವಾಗ, ಅದೂ ಕ್ಯಾಂಟೀನಿನಲ್ಲಿ. ಆಮೇಲೆ ಎರಡನೇ ವರ್ಷದವರನ್ನು ಹಿಡಿಯಿರಿ. "ನಿಮ್ಮ ವಿಭಾಗ ಹೇಗಿದೆ" ಅಂತ ಕೇಳಿದರೆ ಎಲ್ಲರೂ ಚೆನ್ನಾಗಿದೆ ಅನ್ನುತ್ತಾರೆ, ಇಲ್ಲವೇ ಮೇಷ್ಟ್ರನ್ನು ಬೈಯುತ್ತಾರೆ. "ಕೊನೆಯ ಸಲ ಏನನ್ನು ಮತ್ತೆ ಮಾಡಿದಿರಿ" ಅಂತ ಕೇಳಿ. ಅರ್ಧ ಮಿಲಿಮೀಟರಿಗೆ ಹದಿನೈದು ಪ್ರೂಫ್ ತೆಗೆಸಿದೆ ಮಾರಾಯ, ಸಾಕಾಗಿ ಹೋಯಿತು ಅಂತ ಗೊಣಗುತ್ತಲೇ ಫೋನ್ ತೆಗೆದು ಹದಿನೈದನ್ನೂ ಒಂದೊಂದಾಗಿ ತೋರಿಸುವವರು ಸಿಕ್ಕರೆ, ಅವರ ಪಕ್ಕ ಕೂತು ಹದಿನೈದನ್ನೂ ನೋಡಿ. ಏಳನೆಯದಕ್ಕೂ ಎಂಟನೆಯದಕ್ಕೂ ಏನು ವ್ಯತ್ಯಾಸ ಅಂತ ನಿಮಗೂ ಕಂಡರೆ, ಆ ಚೌಕದ ಪಕ್ಕ ಪೆನ್ಸಿಲಿನಲ್ಲಿ ಒಂದು ಚುಕ್ಕೆ ಇಟ್ಟುಕೊಳ್ಳಿ.